2:10ಕ್ಕೂ ಮುಂಚಿನ ಆಟ

ಎಪ್ಪತ್ತರ ದಶಕದ ಮೆಲ್ಬರ್ನ್‌ನಲ್ಲಿ ಚಳಿಗಾಲದ ಶನಿವಾರ ಅಂದ್ರೆ ಊರಿಗೆಲ್ಲ ಒಂದೇ ಟೈಮು: ಮಧ್ಯಾಹ್ನ 2:10. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ದೊಡ್ಡ ಪಂದ್ಯಗಳು ಬೇರೆ ಬೇರೆ ಮೈದಾನಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತಿದ್ದವು. ಕಾಲಿಂಗ್‌ವುಡ್‌ನವರಿಗೆ ವಿಕ್ಟೋರಿಯಾ ಪಾರ್ಕ್, ಎಸೆಂಡನ್‌ನವರಿಗೆ ವಿಂಡಿ ಹಿಲ್, ಫುಟ್ಸ್‌ಕ್ರೇಯವರಿಗೆ ವೆಸ್ಟರ್ನ್ ಓವಲ್. ಆದರೆ ನಾನು ಹೇಳಬೇಕು ಅಂತಿರೋದು 2:10ರ ಆಟದ ಬಗ್ಗೆ ಅಲ್ಲ. ಅದಕ್ಕೂ ಮುಂಚೆ, ಅದೇ ಮೈದಾನದಲ್ಲಿ, ಅದೇ ಬಣ್ಣದ ಜೆರ್ಸಿ ಹಾಕಿಕೊಂಡು ಇನ್ನೊಂದು ತಂಡ ಆಡ್ತಿತ್ತಲ್ಲ, ಆ ರಿಸರ್ವ್ಸ್ ಪಂದ್ಯದ ಬಗ್ಗೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆ 18 ಜನ, ನಾಲ್ಕು ಕ್ವಾರ್ಟರ್. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ 6 ಪಾಯಿಂಟು, ಪಕ್ಕಕ್ಕೆ ಹೋದರೆ 1. ಗುರಿ ತಪ್ಪಿದ್ರೂ ಒಂದು ಪಾಯಿಂಟು ಕೊಡೋ ಆಟ ನನಗೆ ಮೊದಲ ದಿನವೇ ಇಷ್ಟ ಆಗಿತ್ತು. ಇರ್ಲಿ.

ರಿಸರ್ವ್ಸ್ ಲೀಗು ಶುರುವಾಗಿದ್ದು 1919ರಲ್ಲಿ, ಮುಗಿದಿದ್ದು 1999ರಲ್ಲಿ. ಅದರಲ್ಲಿ ಆಡ್ತಿದ್ದವರು ಯಾರು? ಇನ್ನೂ ಮೇಲೆ ಹೋಗದ ಹುಡುಗರು, ಗಾಯದಿಂದ ಚೇತರಿಸಿಕೊಳ್ಳುತ್ತಿದ್ದವರು, ಫಾರ್ಮ್ ಕಳಕೊಂಡು ಕೆಳಗಿಳಿದವರು. ಜೊತೆಗೆ ವರ್ಷಗಟ್ಟಲೆ ಅಲ್ಲೇ ಉಳಿದುಬಿಟ್ಟವರು. ಸೀನಿಯರ್ ಲೀಗಿನ ಅತ್ಯುತ್ತಮ ಆಟಗಾರನಿಗೆ ಬ್ರೌನ್‌ಲೋ ಮೆಡಲ್, ರಿಸರ್ವ್ಸ್‌ನವನಿಗೆ ಗಾರ್ಡಿನರ್ ಮೆಡಲ್. ಈ ಗಾರ್ಡಿನರ್ ಮೆಡಲ್ ಗೆದ್ದವನ ಮನೇಲಿ ಆವತ್ತು ರಾತ್ರಿ ಹೇಗಿತ್ತೋ ಅಂತ ನಾನು ಬಹಳ ಸಲ ಯೋಚಿಸಿದ್ದೀನಿ. ಖುಷಿ ಪಡಬೇಕಾ, ಅಥವಾ "ಇಷ್ಟು ಚೆನ್ನಾಗಿ ಆಡೋನು ಇನ್ನೂ ಇಲ್ಲೇ ಯಾಕಿದ್ದಾನೆ" ಅನ್ನೋ ಪ್ರಶ್ನೆಗೆ ಉತ್ತರ ಹುಡುಕಬೇಕಾ?

ಬಾಕ್ಸ್ ಹಿಲ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಆ ಶನಿವಾರಗಳನ್ನು ಕಣ್ಣಾರೆ ಕಂಡವರು. ಕಾಲಿಂಗ್‌ವುಡ್ ಭಕ್ತರು. ಬೆಳಗ್ಗೆಯೇ ಅಪ್ಪನ ಜೊತೆ ವಿಕ್ಟೋರಿಯಾ ಪಾರ್ಕಿಗೆ ಹೋಗಿ ಬೇಲಿ ಪಕ್ಕ ಜಾಗ ಹಿಡೀತಿದ್ರಂತೆ. ಖಾಲಿ ಬಿಯರ್ ಕ್ಯಾನುಗಳನ್ನು ಜೋಡಿಸಿ ಅದರ ಮೇಲೆ ನಿಂತು ದೊಡ್ಡವರ ತಲೆಗಳಾಚೆ ನೋಡೋದು, ಕೈಯಲ್ಲಿ ಬಿಸಿ ಪೈ, ಉಣ್ಣೆ ಸ್ಕಾರ್ಫು. "ರಿಸರ್ವ್ಸ್ ನೋಡೋಕೇ ಅಷ್ಟು ಬೇಗ ಹೋಗ್ತಿದ್ರಾ?" ಅಂತ ಕೇಳಿದೆ. ನಕ್ಕುಬಿಟ್ಟರು. ಜಾಗ ಸಿಗಲಿ ಅಂತ ಹೋಗ್ತಿದ್ದದ್ದು, ಹೋದಮೇಲೆ ಕಣ್ಣ ಮುಂದೆ ಏನಿತ್ತೋ ಅದನ್ನ ನೋಡ್ತಿದ್ವಿ, ಅಷ್ಟೇ ಅಂದ್ರು.

ಇದು ನನಗೆ ಸ್ವಲ್ಪ ನಿರಾಸೆ ತಂದ ಉತ್ತರ. ನಮಗೆ ಕಥೆ ಬೇಕಲ್ಲ: ನಿಷ್ಠೆಯ ಅಭಿಮಾನಿಗಳು, ಅಪ್ರಸಿದ್ಧ ವೀರರು, ಇತ್ಯಾದಿ. ಆದರೆ ಯೋಚಿಸುತ್ತಾ ಹೋದಂತೆ, ಆ ಉತ್ತರದಲ್ಲೇ ಏನೋ ಇದೆ ಅನ್ನಿಸಿತು.

ರಿಸರ್ವ್ಸ್ ಆಟಗಾರನನ್ನು ಆ ದಿನ ಎರಡು ಥರದ ಕಣ್ಣುಗಳು ನೋಡ್ತಿದ್ದವು. ಒಂದು, ಸೆಲೆಕ್ಟರುಗಳದ್ದು. ಆ ಕಣ್ಣಿಗೆ ಇವನು ಒಂದು ಪ್ರಶ್ನೆ: ಮುಂದಿನ ವಾರ ಮೇಲೆ ತಗೋಬೇಕಾ ಬೇಡ್ವಾ? ಅವನು ಚೆಂಡಿಗೆ ಹಾರಿದಾಗಲೂ ಅವರು ನೋಡ್ತಿದ್ದದ್ದು ಮುಂದಿನ ಶನಿವಾರವನ್ನು. ಇನ್ನೊಂದು, ಕ್ಯಾನಿನ ಮೇಲೆ ನಿಂತ ಹುಡುಗನದ್ದು. ಅವನ ಕೈಲಿ ಯಾವ ಅಧಿಕಾರವೂ ಇಲ್ಲ, ತಗೋಬೇಕಾದ ತೀರ್ಮಾನವೂ ಇಲ್ಲ. ಹಾರಿದ, ಹಿಡಿದ, ಓಹೋ! ಅಷ್ಟಕ್ಕೇ ಮುಗೀತು.

ನಾವು ಐಟಿಯವರು ಮೊದಲನೇ ಥರದ ಕಣ್ಣಿಗೆ ಎಷ್ಟು ಒಗ್ಗಿಹೋಗಿದ್ದೀವಿ ಅಂದ್ರೆ ಎರಡನೆಯದು ಇದೆ ಅನ್ನೋದೇ ಮರೆತಿದೆ. ಬೆಂಚ್ ಅನ್ನೋ ಪದವನ್ನೇ ನಾವು ಆಟದ ಮೈದಾನದಿಂದ ಎತ್ತಿಕೊಂಡು ಬಂದಿದ್ದೀವಿ ನೋಡಿ. ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತವನು ಕ್ಯಾಂಟೀನಿನಲ್ಲಿ ಎದುರಾದಾಗ ಮೊದಲು ಕೇಳೋದೇ "ಏನಾದ್ರೂ ಸಿಕ್ತಾ?" ಅಂತ. ಪ್ರೀತಿಯಿಂದಲೇ ಕೇಳ್ತೀವಿ. ಆದರೂ ಅದು ಸೆಲೆಕ್ಟರನ ಪ್ರಶ್ನೆಯೇ. ಅವನು ಆ ಮೂರು ತಿಂಗಳಲ್ಲಿ ಏನು ಕಲಿತ, ಏನು ಬರೆದ ಅಂತ ಕೇಳಿದವರು ಎಷ್ಟು ಜನ?

ಇಲ್ಲಿ ಒಂದು ಮಾತು ಎಚ್ಚರಿಕೆಯಿಂದ ಹೇಳಬೇಕು. "ಆಡೋದೇ ಮುಖ್ಯ, ಎಲ್ಲಿ ಆಡ್ತೀವಿ ಅನ್ನೋದಲ್ಲ" ಅಂತ ಹೇಳೋದು ತುಂಬಾ ಸುಲಭ, ಅದರಲ್ಲೂ ಹೇಳುವವನು ಸೀನಿಯರ್ ತಂಡದಲ್ಲಿದ್ದಾಗ. ಅಪ್ರೈಸಲ್ ಬಂದಾಗ ಫಲಾಪೇಕ್ಷೆ ಬೇಡ ಅಂತ ಉಪದೇಶ ಮಾಡೋ ಮ್ಯಾನೇಜರುಗಳನ್ನು ನೀವೂ ನೋಡಿರ್ತೀರಿ. ರಿಸರ್ವ್ಸ್‌ನ ಬಹುತೇಕರಿಗೆ ಮೇಲೆ ಹೋಗಲೇಬೇಕಿತ್ತು. ಹೋಗದಿದ್ದಾಗ ನೋವಾಗಿದ್ದೂ ನಿಜ. ಸೀನಿಯರ್‌ನಿಂದ ಇಳಿಸಲ್ಪಟ್ಟವನಿಗೆ ಬೆಳಗಿನ ಆ ಚದುರಿದ ಚಪ್ಪಾಳೆ ಗಾಯಕ್ಕೆ ಉಪ್ಪಿನ ಹಾಗೆ ಕೇಳಿಸಿರಬಹುದು. ಅಲ್ಲಿ ಯಾರೂ ತನ್ನನ್ನು ನೋಡದಿದ್ದರೇ ವಾಸಿ ಅಂತಲೂ ಅನ್ನಿಸಿರಬಹುದು. ಹಾಗಾಗಿ ನೋಡಿದವರು ಅವನ ಆಸೆಯನ್ನು ಈಡೇರಿಸಿದರು ಅಂತ ನಾನು ಹೇಳೋಲ್ಲ. ಅವನು ಬಯಸಿದ್ದು ಒಂದು, ಅವರು ಕೊಟ್ಟಿದ್ದು ಬೇರೆ. ಬಯಸದೇ ಬಂದದ್ದಕ್ಕೆ ಬೆಲೆ ಇಲ್ಲ ಅಂತ ಹೇಳೋಕಾಗುತ್ತಾ ಅನ್ನೋದಷ್ಟೇ ನನ್ನ ಪ್ರಶ್ನೆ.

ನಮ್ಮ ಕಡೆ ಯಕ್ಷಗಾನದಲ್ಲಿ ಪ್ರಸಂಗ ಶುರುವಾಗೋ ಮೊದಲು ಕೋಡಂಗಿ, ಬಾಲಗೋಪಾಲ ವೇಷಗಳು ಬರ್ತವೆ. ಹೆಜ್ಜೆ ಕಲೀತಿರೋ ಹುಡುಗರು. ಜನ ಇನ್ನೂ ಚಾಪೆ ಹಾಸ್ತಾ, ಕಡಲೆಕಾಯಿ ಕೊಳ್ತಾ ಇರ್ತಾರೆ. ಆದರೂ ಭಾಗವತರು ಆ ಹುಡುಗರಿಗಾಗಿ ಪದ ಹೇಳ್ತಾರೆ, ಚೆಂಡೆ ಮದ್ದಳೆ ಬಾರಿಸ್ತಾರೆ. ದೊಡ್ಡ ವೇಷಕ್ಕೆ ಸಿಗೋ ರಂಗಸ್ಥಳವೇ ಅವರಿಗೂ. ರಿಸರ್ವ್ಸ್‌ಗೂ ಹಾಗೇ ಇತ್ತು: ಅದೇ ಹುಲ್ಲು, ಅದೇ ಕಂಬ, ಬಿಳಿ ಕೋಟಿನ ಗೋಲ್ ಅಂಪೈರ್ ಬೀಸೋ ಅದೇ ಜೋಡಿ ಬಾವುಟ. ಫೈನಲ್ ದಿನ ಎಂಸಿಜಿಯಲ್ಲೂ ಸೀನಿಯರ್ ಫೈನಲ್ಲಿಗೆ ಮೊದಲು ಇವರ ಫೈನಲ್ ನಡೀತಿತ್ತು.

2000ದಿಂದ ಆ ವ್ಯವಸ್ಥೆ ಹೋಯ್ತು. ರಿಸರ್ವ್ಸ್ ಆಟಗಾರರನ್ನು ರಾಜ್ಯ ಮಟ್ಟದ ವಿಎಫ್‌ಎಲ್‌ಗೆ ಸೇರಿಸಿದರು. ಹಾಥಾರ್ನ್‌ನ ಎರಡನೇ ಸಾಲಿನವರು ಬಾಕ್ಸ್ ಹಿಲ್ ಹಾಕ್ಸ್ ಜೊತೆ ಆಡತೊಡಗಿದರು. ಹಾಗಾಗಿ ನಾನೂ ಮನೆಯಿಂದ ನಡೆದುಕೊಂಡೇ ಹೋಗಿ ನೋಡುವಂತಾಯ್ತು. ಒಂದೇ ಕಂದು-ಹಳದಿ ಜೆರ್ಸಿಯಲ್ಲಿ ಇಬ್ಬರು: ಒಬ್ಬ ಹಾಥಾರ್ನ್‌ನ ಸಂಬಳದವನು, ಇವತ್ತಲ್ಲ ನಾಳೆ ಮೇಲೆ ಹೋಗಬಹುದಾದವನು. ಪಕ್ಕದಲ್ಲಿ ಸೋಮವಾರ ಬೆಳಗ್ಗೆ ಬೇರೆ ಕೆಲಸಕ್ಕೆ ಹೋಗಬೇಕಾದವನು. ಚೆಂಡು ಗಾಳಿಯಲ್ಲಿದ್ದಾಗ ಯಾರು ಯಾರು ಅಂತ ನನಗಂತೂ ಗೊತ್ತಾಗ್ತಿರಲಿಲ್ಲ. ಮೂರನೇ ಕ್ವಾರ್ಟರ್ ಮುಗಿದಾಗ ಪ್ರೇಕ್ಷಕರು ಮೈದಾನಕ್ಕಿಳಿದು, ಆಟಗಾರರ ಗುಂಪಿನ ಸುತ್ತ ನಿಂತು ಕೋಚ್ ಹೇಳೋದನ್ನ ಕೇಳಬಹುದು. ಬೆವರಿನ ವಾಸನೆ ಬರೋಷ್ಟು ಹತ್ತಿರ. ಎಂಸಿಜಿಯಲ್ಲಿ ಎಷ್ಟೇ ದುಡ್ಡಿನ ಟಿಕೆಟ್ ತಗೊಂಡ್ರೂ ಇದು ಸಿಗೋಲ್ಲ.

ಯಜಮಾನರಿಗೆ ಈ ಹೊಸ ವ್ಯವಸ್ಥೆ ಅಷ್ಟಾಗಿ ಹಿಡಿಸಿಲ್ಲ. ಈಗ ನೋಡಲೇಬೇಕು ಅಂದವನು ಮಾತ್ರ ನೋಡ್ತಾನೆ, ಆಕಸ್ಮಿಕವಾಗಿ ಯಾರೂ ನೋಡಲ್ಲ ಅನ್ನೋದು ಅವರ ದೂರು. ವಿಕ್ಟೋರಿಯಾ ಪಾರ್ಕಿನಲ್ಲಿ ಎರಡು ಮೂರು ಸೀಸನ್ ರಿಸರ್ವ್ಸ್ ಆಡಿದ ಒಬ್ಬ ಎಡಗಾಲಿನವನ ಬಗ್ಗೆ ಅವರು ಆಗಾಗ ಹೇಳ್ತಿದ್ರು. ಒದೆಯೋ ಮುಂಚೆ ಚೆಂಡನ್ನ ಎರಡು ಸಲ ತಿರುಗಿಸ್ತಿದ್ದನಂತೆ. ನಿಂತಲ್ಲೇ, ಖಾಲಿ ಕೈಯಲ್ಲಿ ಅದನ್ನ ಮಾಡಿ ತೋರಿಸ್ತಿದ್ರು. ಅವನ ಹೆಸರು ಮಾತ್ರ ಅವರಿಗೆ ಒಂದು ದಿನವೂ ನೆನಪಾಗಲಿಲ್ಲ. ಅವನು ಆಮೇಲೆ ಸೀನಿಯರ್ ಆಡಿದನಾ ಅಂತ ನಾನು ಕೇಳಲಿಲ್ಲ.