ಮನೆಗೆ ಸಲ್ಲತಕ್ಕ ಲೆಕ್ಕ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಬದಿಯ ತೋಡಾರಿನಲ್ಲಾಗಲಿ, ಅಂತಹ ಮತ್ತಾವ ಗ್ರಾಮದಲ್ಲಾಗಲಿ, ಬೆಳಗಿನ ಹೊತ್ತಿನಲ್ಲಿ ಕಾಣುವ ದೃಶ್ಯವು ಒಂದೇ. ತಾಯಿಯು ಮಗುವಿನ ತಲೆ ಬಾಚಿ, ಪುಸ್ತಕದ ಚೀಲವನ್ನು ಹೆಗಲಿಗೇರಿಸಿ, ಶಾಲೆಯ ದಾರಿಯನ್ನು ಹಿಡಿಸುತ್ತಾಳೆ. ಅಲ್ಲಿಂದ ಸಂಜೆಯವರೆಗೆ ಆ ಮಗುವು ಏನನ್ನು ಕಲಿಯಿತು, ಯಾವುದಕ್ಕೆ ನಕ್ಕಿತು, ಯಾವುದಕ್ಕೆ ಅಂಜಿತು, ಯಾರ ಮಗ್ಗುಲಲ್ಲಿ ಕುಳಿತು ಉಂಡಿತು ಎಂಬುದೊಂದೂ ಆಕೆಗೆ ತಿಳಿಯದು. ಸಂಜೆ ಮರಳಿದ ಮಗುವನ್ನು ಕೇಳಿದರೆ "ಏನಿಲ್ಲ" ಎಂಬುದೇ ಉತ್ತರ. ಈ ಉತ್ತರದಲ್ಲಿ ಸುಳ್ಳಿಲ್ಲ. ನಡೆದುದನ್ನು ಮಾತಿಗೆ ಅಳವಡಿಸಿ ಹೇಳುವ ಶಕ್ತಿಯು ಮಗುವಿಗೆ ಇನ್ನೂ ಬಂದಿರುವುದಿಲ್ಲ. ಹಾಗಾದರೆ ಹೇಳತಕ್ಕವರು ಯಾರು? ಎಷ್ಟನ್ನು ಹೇಳತಕ್ಕದ್ದು? ಹೇಳುವ ಬಗೆ ಯಾವುದು? ಮೇಲುನೋಟಕ್ಕೆ ಇವು ಆಡಳಿತದ ಪ್ರಶ್ನೆಗಳಂತೆ ಕಾಣುವುವಾದರೂ ವಿಚಾರಿಸಿ ನೋಡಿದಲ್ಲಿ ಧರ್ಮದ ಪ್ರಶ್ನೆಗಳೇ ಆಗಿವೆ.

ಪ್ರಾಚೀನ ಧರ್ಮಶಾಸ್ತ್ರಕಾರರು ವ್ಯವಹಾರದ ಹದಿನೆಂಟು ಪದಗಳಲ್ಲಿ ನಿಕ್ಷೇಪವನ್ನೂ ಒಂದಾಗಿ ಎಣಿಸಿದರು. ನಂಬಿ ಇಟ್ಟುದನ್ನು ಇಟ್ಟ ಹಾಗೆಯೇ ಹಿಂದಕ್ಕೆ ಕೊಡಬೇಕೆಂಬುದು ಅದರ ಸಾರ. ಮಗುವೂ ಶಾಲೆಯಲ್ಲಿ ನಂಬಿ ಬಿಟ್ಟುದೇ. ಆದರೆ ಅದು ಹೊನ್ನಿನ ಗಂಟಲ್ಲ. ಗಂಟು ಇದ್ದ ಹಾಗೆಯೇ ಮರಳಿದರೆ ಕಾದವನು ಪ್ರಾಮಾಣಿಕನು. ಮಗುವು ಇದ್ದ ಹಾಗೆಯೇ ಮರಳಿದರೆ ಶಾಲೆಯು ನಿರರ್ಥಕವು. ಪ್ರತಿದಿನವೂ ಸ್ವಲ್ಪವಾದರೂ ಬೇರೆಯಾಗಿ ಬರಲೆಂದೇ ಅದನ್ನು ಕಳುಹಿಸುವುದು. ಇಟ್ಟುದು ಬೇರೆಯಾಗಿ ಬರುವಾಗ, ಯಾವ ರೀತಿಯಲ್ಲಿ ಬೇರೆಯಾಯಿತು ಎಂದು ಇಟ್ಟವರಿಗೆ ತಿಳಿಸುವ ಹೊಣೆ ಪಡೆದವರ ಮೇಲೆ ತಾನಾಗಿಯೇ ಬೀಳುತ್ತದೆ.

ಇದಕ್ಕೆ ಒಂದು ಆಕ್ಷೇಪವುಂಟು. ಪೂರ್ವಕಾಲದ ಗುರುಕುಲಗಳಿಂದ ಮನೆಗೆ ಯಾವ ವರ್ತಮಾನವೂ ಹೋಗುತ್ತಿರಲಿಲ್ಲ. ಗುರುವಿಗೆ ಒಪ್ಪಿಸಿದ ಮೇಲೆ ತಂದೆತಾಯಿಗಳು ಸುಮ್ಮನಿರುತ್ತಿದ್ದರು. ಅದರಿಂದ ವಿದ್ಯೆಗೆ ಕೊರತೆಯಾಯಿತೆ? ಎಂದು ಕೆಲವರು ಕೇಳುತ್ತಾರೆ. ಉತ್ತರವು ಛಾಂದೋಗ್ಯೋಪನಿಷತ್ತಿನಲ್ಲಿಯೇ ಇದೆ. ಶ್ವೇತಕೇತುವು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ವೇದಗಳನ್ನೆಲ್ಲ ಓದಿ, ತಾನು ಬಲ್ಲವನೆಂಬ ಬಿಂಕದೊಡನೆ ಮನೆಗೆ ಬಂದನು. ತಂದೆಯಾದ ಉದ್ದಾಲಕನು ಒಂದೇ ಪ್ರಶ್ನೆಯನ್ನು ಕೇಳಿದನು, ಮಗನು ನಿರುತ್ತರನಾದನು. ಹನ್ನೆರಡು ವರ್ಷಗಳ ಲೆಕ್ಕವು ಒಂದು ದಿನದಲ್ಲಿ ಬಯಲಾಯಿತು. ಆದರೆ ಅಲ್ಲಿ ಅನರ್ಥವಾಗಲಿಲ್ಲ. ಏಕೆಂದರೆ ತಂದೆಯೇ ಮಹಾಜ್ಞಾನಿ. ಪರೀಕ್ಷಿಸಲು ಬಲ್ಲವನು, ಕೊರತೆಯನ್ನು ತುಂಬಲು ಬಲ್ಲವನು, ಮೇಲಾಗಿ ಮಗನನ್ನು ಹಳಿಯದೆ ಹತ್ತಿರ ಕೂರಿಸಿಕೊಂಡು ಉಪ್ಪು ನೀರುಗಳ, ಆಲದ ಬೀಜದ ದೃಷ್ಟಾಂತಗಳಿಂದ ತಿಳಿಯಹೇಳುವಷ್ಟು ತಾಳ್ಮೆಯುಳ್ಳವನು. ಇಂದಿನ ಎಷ್ಟು ಮನೆಗಳಲ್ಲಿ ಉದ್ದಾಲಕನಿದ್ದಾನೆ? ತಾನು ನಾಲ್ಕನೆಯ ತರಗತಿಗೆ ಓದು ಬಿಟ್ಟ ತಂದೆಯು ಏಳನೆಯ ತರಗತಿಯ ಮಗನನ್ನು ಯಾವ ಪ್ರಶ್ನೆಯಿಂದ ಪರೀಕ್ಷಿಸಬಲ್ಲನು? ಮನೆಯು ಪರೀಕ್ಷಿಸಲಾರದಾದಷ್ಟೂ ತಿಳಿಸತಕ್ಕ ಶಾಲೆಯ ಹೊಣೆಯು ಹೆಚ್ಚುತ್ತದೆ.

ಅದೇ ಉಪನಿಷತ್ತಿನಲ್ಲಿ ಇದರ ಇನ್ನೊಂದು ಮುಖವೂ ಉಂಟು. ಸತ್ಯಕಾಮನು ವಿದ್ಯಾರ್ಥಿಯಾಗಲು ಹೊರಟಾಗ ತನ್ನ ಗೋತ್ರವನ್ನು ತಾಯಿಯಲ್ಲಿ ಕೇಳಿದನು. ತನಗೆ ಅದು ತಿಳಿಯದೆಂದು ಜಬಾಲೆಯು ಮುಚ್ಚುಮರೆಯಿಲ್ಲದೆ ಹೇಳಿದಳು. ಹುಡುಗನು ಅದನ್ನೇ ಗೌತಮನಲ್ಲಿ ನಿವೇದಿಸಿದನು. ಆ ಗುರುವು ತಿರಸ್ಕರಿಸಲಿಲ್ಲ, ನಿಜ ಹೇಳಿದವನೆಂದು ಮೆಚ್ಚಿ ಉಪನಯನಮಾಡಿದನು. ಶಾಲೆಯಿಂದ ಮನೆಗೆ ವರ್ತಮಾನವು ಹೋಗುವುದಕ್ಕೆ ಮುಂಚೆ ಮನೆಯಿಂದ ಶಾಲೆಗೆ ಸತ್ಯವು ಬರಬೇಕು. ಅದು ಬರಬೇಕಾದರೆ, ಹೇಳಿದರೆ ತನ್ನ ಮಗುವಿಗೆ ಕುಂದಾಗದೆಂಬ ನೆಚ್ಚಿಕೆ ತಾಯಿಗೆ ಇರಬೇಕು. ಗೌತಮನಂತಹ ಕಿವಿಯಿಲ್ಲದ ಕಡೆಯಲ್ಲಿ ಜಬಾಲೆಯಂತಹ ತಾಯಿಯೂ ಮೌನವಾಗಿಯೇ ಇರುವಳು.

ಪುರಾತನ ಕಾಲದಿಂದ ಈಚಿನ ಕಾಲಕ್ಕೆ ಬಂದರೆ ಬೇರೊಂದು ಸಂಗತಿಯು ಕಾಣುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ 19ನೆಯ ಶತಮಾನದ ಉತ್ತರಾರ್ಧದಲ್ಲಿ, ಪರೀಕ್ಷೆಯ ಫಲವನ್ನು ನೋಡಿ ಶಾಲೆಗಳಿಗೆ ಸಹಾಯಧನವನ್ನು ಕೊಡುವ ಪದ್ಧತಿಯು ಆ ಪ್ರಾಂತ್ಯದಲ್ಲಿ ನಡೆದುಬಂದಿತ್ತು. ಇನ್ಸ್‌ಪೆಕ್ಟರರು ಬರುವ ದಿನವೇ ಶಾಲೆಗೆ ಮಹಾದಿನ. ಅವರ ಮುಂದೆ ಒಪ್ಪಿಸಿದುದೇ ಲೆಕ್ಕ. ಲೆಕ್ಕವು ಮೇಲಕ್ಕೆ ಹೋಗುವ ಅಭ್ಯಾಸವು ಬೇರೂರಿದ ಕಡೆ ಅದು ಅಕ್ಕಪಕ್ಕದ ಮನೆಗಳಿಗೂ ಸಲ್ಲತಕ್ಕುದೆಂಬ ಭಾವನೆಯು ಸುಲಭವಾಗಿ ಹುಟ್ಟುವುದಿಲ್ಲ. ಬಹುಕಾಲದ ಬಳಿಕ, 2001ರಲ್ಲಿ, ಕರ್ನಾಟಕ ಸರಕಾರವು ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ, 2009ರ ಶಿಕ್ಷಣ ಹಕ್ಕಿನ ಕಾಯಿದೆಯು, ಅಂತಹ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಾದರೂ ತಂದೆತಾಯಿಗಳೂ ಪಾಲಕರೂ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿತು. ಆ ಕಾಯಿದೆಯ 24ನೆಯ ಪ್ರಕರಣವು ಉಪಾಧ್ಯಾಯರ ಕರ್ತವ್ಯಗಳನ್ನು ಎಣಿಸುವಾಗ, ತಂದೆತಾಯಿಗಳೊಡನೆ ಕ್ರಮವಾಗಿ ಸಭೆ ಸೇರಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಾದ ಮುನ್ನಡೆ ಇವುಗಳನ್ನು ತಿಳಿಸತಕ್ಕದ್ದೆಂದು ಹೇಳುತ್ತದೆ. ಹೀಗೆ ಮೇಲ್ಮುಖವಾಗಿದ್ದ ಲೆಕ್ಕವು ಮನೆಯ ಕಡೆಗೂ ತಿರುಗಿತು.

ಆದರೆ ಕಾಯಿದೆಯು ಏನನ್ನು ತಿಳಿಸಬೇಕೆಂದು ಹೇಳೀತೇ ಹೊರತು, ತಿಳಿಸಿದ ಮಾತು ಮನೆಯೊಳಗೆ ಹೋಗಿ ಏನಾಗುವುದೆಂದು ಹೇಳಲಾರದು. ನಿಜವಾದ ತೊಡಕಿರುವುದು ಅಲ್ಲಿಯೇ. ದಕ್ಷಿಣ ಕನ್ನಡದ ಊರುಗಳಲ್ಲಿ ಬೀಡಿ ಕಟ್ಟಿ ಸಂಸಾರವನ್ನು ಸಾಗಿಸುವ ತಾಯಂದಿರು ಅನೇಕರು. ಅಂತಹ ಒಬ್ಬ ತಾಯಿಯನ್ನು ಭಾವಿಸಿಕೊಳ್ಳಬಹುದು. ಮಡಿಲಲ್ಲಿ ತಡ್ಪೆಯನ್ನಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಆಕೆ ಕಟ್ಟಿದ ಬೀಡಿಗಳನ್ನು ಬ್ರಾಂಚಿಗೆ ಒಯ್ದಾಗ ಅಲ್ಲಿ ಎಣಿಸುತ್ತಾರೆ. ಒಳ್ಳೆಯವನ್ನು ತೆಗೆದುಕೊಂಡು, ಸರಿಯಿಲ್ಲವೆಂದು ಕಂಡುದನ್ನು ಬೇರೆ ಹಾಕುತ್ತಾರೆ. ಬೇರೆ ಹಾಕಿದುದಕ್ಕೆ ಮಜೂರಿಯಿಲ್ಲ. ತನ್ನ ಕೆಲಸದ ಬಗ್ಗೆ ಆಕೆ ಕೇಳುತ್ತ ಬಂದ ವರ್ತಮಾನವೆಲ್ಲ ಇದೊಂದೇ ಬಗೆಯದು. ಅರ್ಧ ದಿನದ ಕೆಲಸವನ್ನು ಬಿಟ್ಟು ಆಕೆ ಶಾಲೆಯ ಸಭೆಗೆ ಬರುತ್ತಾಳೆ. "ನಿಮ್ಮ ಮಗ ಲೆಕ್ಕದಲ್ಲಿ ತೀರ ಹಿಂದೆ, ಅಮ್ಮ" ಎಂದು ಟೀಚರ್ ಹೇಳುತ್ತಾರೆ. ಆ ಮಾತಿನಲ್ಲಿ ಅಸತ್ಯವೇನೂ ಇಲ್ಲ. ಆದರೆ ತಾಯಿಗೆ ಕೇಳಿಸಿದುದು, ತನ್ನ ಮಗನನ್ನೂ ಬೇರೆ ಹಾಕಿದರು ಎಂಬುದು. ನಾಲ್ಕು ಜನರ ನಡುವೆ ತಲೆ ತಗ್ಗಿಸಿ ಕುಳಿತ ಆಕೆಯ ಅವಮಾನವು ದಾರಿಯುದ್ದಕ್ಕೂ ಸಿಟ್ಟಾಗಿ, ಮನೆಯನ್ನು ಮುಟ್ಟುವಷ್ಟರಲ್ಲಿ ಏಟಾಗುತ್ತದೆ.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಸತ್ಯವನ್ನು ಇದ್ದ ಹಾಗೆ ಹೇಳುವುದಷ್ಟೇ ಶಾಲೆಯ ಕೆಲಸ, ಮುಂದಿನದು ಮನೆಯವರ ಪಾಡು ಎಂಬುದು ಒಂದು. ಏಟು ಬೀಳುವುದೆಂದು ಗೊತ್ತಿರುವಾಗ ಕೊರತೆಯನ್ನು ಮುಚ್ಚಿ, "ಪರವಾಗಿಲ್ಲ, ಕಲಿಯುತ್ತಾನೆ" ಎಂದುಬಿಡುವುದೇ ದಯೆ ಎಂಬುದು ಎರಡನೆಯದು.

ಮೊದಲನೆಯ ಪಕ್ಷವನ್ನು ನೋಡೋಣ. ಅದೇ ಕಾಯಿದೆಯ 17ನೆಯ ಪ್ರಕರಣವು ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಸಂಜೆ ಮನೆಯಲ್ಲಿ ಏನಾಗುವುದೆಂದು ಬಲ್ಲ ಉಪಾಧ್ಯಾಯನು, ಅದನ್ನು ಬಲ್ಲವನಾಗಿಯೂ, ಬರಿಯ ದೂರನ್ನು ಕಟ್ಟಿ ಕಳುಹಿಸಿದರೆ, ತನ್ನ ಕೈಯಿಂದ ಕೆಳಗಿಟ್ಟ ಬೆತ್ತವನ್ನು ತಂದೆಯ ಕೈಗೆ ಕೊಟ್ಟಂತಾಯಿತು. ಆತನ ಮಾತು ಸತ್ಯವಿರಬಹುದು. ಆದರೆ ಅರ್ಧ ಸತ್ಯವೇ ಸರಿ. ಹುಡುಗನು ಭಾಗಾಕಾರದಲ್ಲಿ ಎಲ್ಲಿ ಎಡವುತ್ತಾನೆ, ಅವನಿಗೆ ಅದನ್ನು ಎಷ್ಟು ಸಲ ಹೇಳಿಕೊಡಲಾಯಿತು, ಮುಂದೆ ಶಾಲೆಯು ಏನು ಮಾಡಲಿದೆ ಎಂಬುದೂ ಆ ಸತ್ಯದಲ್ಲಿ ಸೇರಿದುದು. ಇವುಗಳನ್ನು ಬಿಟ್ಟು "ಹಿಂದೆ" ಎಂಬುದನ್ನು ಮಾತ್ರ ಹೇಳುವವನು, ಇಬ್ಬರ ಪಾಲಿನ ಸೋಲನ್ನು ಒಬ್ಬನ ಹೆಸರಿಗೆ ಬರೆಯುತ್ತಾನೆ.

ಎರಡನೆಯ ಪಕ್ಷವು ಮೃದುವಾಗಿ ಕಾಣುವುದಾದರೂ ಪರಿಣಾಮದಲ್ಲಿ ಹೆಚ್ಚು ಕ್ರೂರವಾದುದು. ಮುಚ್ಚಿದ ಕೊರತೆಯು ಕರಗುವುದಿಲ್ಲ; ಹತ್ತನೆಯ ತರಗತಿಯ ಪರೀಕ್ಷೆಯ ಫಲವು ಬರುವ ದಿನದವರೆಗೆ ಕಾದಿರುತ್ತದೆ. ಆ ದಿನ ತಾಯಿಯು, "ಇಷ್ಟು ವರ್ಷ ಒಬ್ಬರೂ ನನಗೆ ಹೇಳಲಿಲ್ಲವಲ್ಲ!" ಎಂದು ಕೇಳಿದರೆ ಉತ್ತರವೇನಿದೆ? ಓದಲು ಬಾರದವಳೆಂದು, ಬಡವಳೆಂದು, ಸತ್ಯವನ್ನು ತಾಳಲಾರಳೆಂದು ತಾವೇ ನಿರ್ಣಯಿಸಿ ಆಕೆಯನ್ನು ಕತ್ತಲೆಯಲ್ಲಿರಿಸುವುದು ದಯೆಯ ವೇಷದ ತಿರಸ್ಕಾರ.

ಹೀಗೆ ಹೇಳುವುದೂ ದೋಷ, ಹೇಳದಿರುವುದೂ ದೋಷ ಎಂಬ ಇಕ್ಕಟ್ಟು ತೋರುವುದಕ್ಕೆ ಕಾರಣವೊಂದಿದೆ. ಎರಡು ಪಕ್ಷದವರೂ ಮಗುವನ್ನು ಬಿಟ್ಟು, ಇಬ್ಬರು ದೊಡ್ಡವರ ನಡುವಣ ವ್ಯವಹಾರವಾಗಿಯೇ ಇದನ್ನು ಕಾಣುತ್ತಾರೆ. ಯಾರ ವಿಚಾರವಾಗಿ ಮಾತು ನಡೆಯುತ್ತದೋ ಆ ಮಗುವು ಬಾಗಿಲಾಚೆ ನಿಂತಿರುತ್ತದೆ. ಅದನ್ನು ಒಳಗೆ ಕರೆದು ತಾಯಿಯ ಪಕ್ಕದಲ್ಲಿ ಕೂರಿಸಿದರೆ ಮಾತಿನ ರೀತಿಯೇ ಬದಲಾಗುತ್ತದೆ. ಮಗುವಿನ ಎದುರಿಗೆ ಹೇಳಲು ನಾಚಿಕೆಯಾಗುವ ಮಾತು ಅದರ ಬೆನ್ನ ಹಿಂದೆಯೂ ಆಡತಕ್ಕುದಲ್ಲ. "ಇವನಿಗೆ ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ಭಾಗಾಕಾರದಲ್ಲಿ ತಪ್ಪುತ್ತಾನೆ. ನಾನು ಅವಸರದಲ್ಲಿ ಮುಂದೆ ಹೋದೆ. ಈ ತಿಂಗಳು ದಿನಾ ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತೇನೆ. ಮನೆಯಲ್ಲಿ ನೀವು ಬೀಡಿಯ ಕಟ್ಟು ಎಣಿಸುವಾಗ ಇವನನ್ನೂ ಎಣಿಸಲು ಕೂರಿಸಿಕೊಳ್ಳಿ, ಅಮ್ಮ" ಎಂದು ಟೀಚರ್ ಹೇಳಿದರೆ, ಸತ್ಯದಲ್ಲಿ ಒಂದಿಷ್ಟೂ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಅದರಲ್ಲಿ ಶಾಲೆಯ ಲೆಕ್ಕವೂ ಸೇರಿತು. ತಾಯಿಗೆ ಮಾಡಲು ಒಂದು ಕೆಲಸವೂ ದೊರೆಯಿತು. ಮಾಡಲು ಕೆಲಸವುಳ್ಳ ಕೈ ಹೊಡೆಯಲು ಏಳುವುದು ಅಪರೂಪ.

ಭಾಷೆಯ ವಿಚಾರವೂ ಸಣ್ಣದಲ್ಲ. ಮೂಡುಬಿದಿರೆಯ ಸೀಮೆಯಲ್ಲಿ ಮನೆಯ ಮಾತು ತುಳು, ಬ್ಯಾರಿ, ಕೊಂಕಣಿ ಎಂದು ಹಲವು. ಶಾಲೆಯ ಕಾಗದವು ಬರುವುದು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಆ ಕಾಗದವನ್ನು ಮನೆಯಲ್ಲಿ ಓದಿಹೇಳುವವನು ಅನೇಕ ವೇಳೆ ಆ ಹುಡುಗನೇ! ತನ್ನ ಮೇಲಣ ದೂರನ್ನು ತಾನೇ ಓದಬೇಕಾದವನು ಒಂದೆರಡು ಸಾಲುಗಳನ್ನು ಹಾರಿಸಿದರೆ ಅವನನ್ನು ಹಳಿಯುವವರಾರು? 1892ರಲ್ಲಿ ಕುದ್ಮುಲ್ ರಂಗರಾಯರು, ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆಯನ್ನು ತೆರೆದರು. ಅಕ್ಷರವನ್ನೇ ದೂರವಿರಿಸಲಾಗಿದ್ದ ಅಂತಹ ಮನೆಗಳಿಗೆ ಬರೆದು ಕಳುಹಿಸಿದ ಓಲೆಯಿಂದ ಪ್ರಯೋಜನವೇನು? ಅಲ್ಲಿ ನಡೆಯುವುದು ಮನುಷ್ಯನ ಬಾಯಿಯ ಮಾತೊಂದೇ. ಇಂದಿಗೂ ಅಂಗಳದಲ್ಲಿ ನಿಂತು ಮನೆಮಾತಿನಲ್ಲಿ ಆಡಿದ ನಾಲ್ಕು ಮಾತು, ಮುದ್ರೆಯೊತ್ತಿದ ಪ್ರಗತಿಪತ್ರವು ಮುಟ್ಟದ ಕಡೆಯನ್ನು ಮುಟ್ಟುತ್ತದೆ.

ಈಗೀಗ ಕೈಫೋನಿನ ವಾಟ್ಸಾಪು ಗುಂಪುಗಳಲ್ಲಿ ಕ್ಷಣಮಾತ್ರದಲ್ಲಿ ಎಲ್ಲ ಮನೆಗಳಿಗೂ ಸುದ್ದಿ ತಲಪುತ್ತದೆ. ಕೊಲ್ಲಿದೇಶದಲ್ಲಿ ದುಡಿಯುವ ತಂದೆಗೂ ಮಗಳು ಹಾಡಿದ ಪ್ರಾರ್ಥನೆ ಅಂದೇ ಕೇಳಿಸುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಶಾಲೆಗೆ ರಜೆಯೆಂಬ ಸುದ್ದಿಯು ಎಲ್ಲರದು. ಒಬ್ಬ ಹುಡುಗನು ಎಡವಿದ ಸುದ್ದಿಯು ಅವನ ಮನೆಯೊಂದರದು. ಈ ಎರಡರ ನಡುವಣ ಗೆರೆಯನ್ನು ಮರೆತು, ಎಲ್ಲರ ಅಂಕಗಳನ್ನೂ ಗುಂಪಿನಲ್ಲಿ ಹರಡುವ ಶಾಲೆಯು ವರ್ತಮಾನವನ್ನು ತಿಳಿಸಿದಂತಾಗಲಿಲ್ಲ, ಡಂಗುರ ಸಾರಿದಂತಾಯಿತು.

ತೋಡಾರಿಗೆ ಸಮೀಪದ ಮೂಡುಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಿದರು. ಯಾತ್ರಿಕರು ದೂರದಿಂದ ಬಂದು ಅವುಗಳ ದರ್ಶನವನ್ನು ಪಡೆದು ಧನ್ಯರಾಗುತ್ತಿದ್ದರು. ಒಳಗೆ ಬರೆದುದೇನೆಂದು ಬಲ್ಲವರು ವಿರಳ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯವು ಮೊದಲಾಗಿ, 1939ರಲ್ಲಿ ಧವಲೆಯ ಮೊದಲ ಸಂಪುಟವು ಅಚ್ಚಾಗಿ ಬಂದಿತು. ಬೇರೆ ಕಡೆ ಅಳಿದುಹೋದುದು ಇಲ್ಲಿ ಉಳಿದುದು ಕಾಪಾಡಿದವರ ಪುಣ್ಯ. ಲೋಕಕ್ಕೆ ದಕ್ಕಿದುದು ತೆರೆದು ಓದಿದವರ ಪುಣ್ಯ. ಶಾಲೆಯನ್ನೂ ಅನೇಕ ಮನೆಯವರು ವಾರ್ಷಿಕೋತ್ಸವದ ದಿನ ದರ್ಶನಮಾಡಿ ಕೈಮುಗಿದು ಹೋಗುತ್ತಾರೆ. ಆ ಗೌರವವು ಒಳ್ಳೆಯದೇ. ಆದರೆ ಗೋಡೆಯ ಒಳಗೆ ತಮ್ಮ ಮಕ್ಕಳ ಬದುಕಿನಲ್ಲಿ ಏನು ಬರೆಯಲ್ಪಡುತ್ತಿದೆ ಎಂಬುದನ್ನು ಓದಿಹೇಳುವವರು ಅವರಿಗೆ ಬೇಕು.

ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿದ ಶಿಷ್ಯನಿಗೆ ಆಚಾರ್ಯನು ಉಪದೇಶಿಸುವಾಗ, ದೇವರೆಂದು ತಿಳಿಯತಕ್ಕವರಲ್ಲಿ ಮೊದಲು ತಾಯಿಯನ್ನೂ, ಬಳಿಕ ತಂದೆಯನ್ನೂ ಹೇಳಿ, ಆಚಾರ್ಯನನ್ನು ಮೂರನೆಯವನನ್ನಾಗಿ ಇರಿಸಿದನು. ಶಿಷ್ಯನಿಗೆ ಹೇಳಿದ ಈ ಕ್ರಮವು ಶಾಲೆಗೂ ನೆನಪಿರತಕ್ಕುದು. ಕೆಲಸ ಬಿಟ್ಟು ಸಭೆಗೆ ಬಂದ ಆ ತಾಯಿಯು ಕೈಕಟ್ಟಿ ನಿಂತು ತೀರ್ಪು ಕೇಳಲು ಬಂದವಳಲ್ಲ. ತಾನು ನಂಬಿ ಬಿಟ್ಟುದರ ಲೆಕ್ಕವನ್ನು ಕೇಳಲು ಬಂದವಳು. ಆಕೆಗೆ ಕೂರಲು ಒಂದು ಕುರ್ಚಿಯನ್ನು ಕೊಟ್ಟು, ಮಗನನ್ನು ಹತ್ತಿರಕ್ಕೆ ಕರೆದು, ಆಕೆಯ ಮಾತಿನಲ್ಲಿಯೇ ಮಾತನ್ನು ಆರಂಭಿಸಿದರೆ, ಸಂಜೆ ಆ ಮನೆಯಲ್ಲಿ ದೀಪದ ಕೆಳಗೆ ಇಬ್ಬರೂ ಕುಳಿತು ಕಟ್ಟುಗಳನ್ನು ಎಣಿಸುವರು.