ಹೊತ್ತದ್ದು ದಡ್ಡತನವೇ?

2006ರ ಆಗಸ್ಟ್ ತಿಂಗಳನ್ನು ಸೂರತ್ತಿನಲ್ಲಿ ಕಳೆದ ಕನ್ನಡಿಗರು ಅದನ್ನು ಮರೆತಿರಲಾರರು. ಆಗ ನಾವು ಅಡಾಜಣದಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಹೊಸ ನೌಕರಿ, ಹೊಸ ಸಂಸಾರ. ಹಿಂದಿನ ಮಳೆಗಾಲದಲ್ಲಿ ತಾಪಿ ಏರುತ್ತಿದೆ ಎಂಬ ಗಾಳಿಸುದ್ದಿ ಕೇಳಿ ಅಕ್ಕಿ ಚೀಲ, ಹಾಸಿಗೆ, ಟ್ರಂಕು ಎಲ್ಲವನ್ನೂ ಮೂರನೆಯ ಮಹಡಿಗೆ ಹೊತ್ತಿದ್ದೆವು. ನೀರು ಬರಲಿಲ್ಲ. ಬೆನ್ನುನೋವು ಉಳಿಯಿತು, ನೆರೆಯವರ ನಗೆಯೂ ಉಳಿಯಿತು. ಆದ್ದರಿಂದ ಮರುವರ್ಷ ಸುದ್ದಿ ಬಂದಾಗ "ನೋಡೋಣ" ಎಂದು ಸುಮ್ಮನೆ ಕುಳಿತೆವು. ನೀರು ಕಿಟಕಿಯವರೆಗೆ ಬಂತು. ನಮ್ಮ ಬಿ.ಎಸ್‌ಸಿ. ಅಂಕಪಟ್ಟಿ ಇಂದಿಗೂ ಕೆಸರಿನ ಬಣ್ಣದಲ್ಲಿದೆ.

ಮನೆ ತೊಳೆಯುವಾಗ ನಮ್ಮ ಮನೆಯವರು ಕೇಳಿದರು: "ಹೋದ ವರ್ಷ ನೀರು ಬರಲಿಲ್ಲ ಅಂತ ನಾವು ದಡ್ಡರಾದ್ವೇನ್ರೀ? ಈ ವರ್ಷವೂ ಬರದಿದ್ದರೆ ಜಾಣರಾಗ್ತಿದ್ವೇನು?"

ಕಾಲೇಜಿನಲ್ಲಿ ಸಂಭವನೀಯತೆಯ ಲೆಕ್ಕ ಮಾಡಿದವರು ನಾವು. ಆದರೂ ಉತ್ತರ ಹೊಳೆಯಲಿಲ್ಲ.

ನಮ್ಮದು ಒಂದು ಚೀಲದ ಮಾತು. ಸೂರತ್ತಿನಿಂದ ಸುಮಾರು 100 ಕಿಲೋಮೀಟರ್ ಮೇಲೆ ಉಕಾಯಿ ಅಣೆಕಟ್ಟಿದೆ. 1972ರಲ್ಲಿ ಮುಗಿದದ್ದು. ಹೊಲಕ್ಕೆ, ಕುಡಿಯಲಿಕ್ಕೆ, ವಿದ್ಯುತ್ತಿಗೆ ಬೇಕೆಂದರೆ ಅದು ತುಂಬಿರಬೇಕು. ನೆರೆ ತಡೆಯಬೇಕೆಂದರೆ ಅದರಲ್ಲಿ ಜಾಗ ಬಿಟ್ಟಿರಬೇಕು. ಒಂದೇ ಕೊಡವನ್ನು ತುಂಬಿಯೂ ಇಡು, ಖಾಲಿಯೂ ಇಡು ಎಂದಂತೆ. ಅದಕ್ಕಾಗಿಯೇ ತಿಂಗಳಿಗೊಂದು ಮಟ್ಟವನ್ನು ಗೊತ್ತುಮಾಡಿದ್ದರು: ಆಗಸ್ಟ್ ಮೊದಲಿಗೆ 333 ಅಡಿ, ಅಕ್ಟೋಬರಿನ ಹೊತ್ತಿಗೆ ಪೂರ್ತಿ 345 ಅಡಿ. ಮಳೆಗೆ ಈ ಪಟ್ಟಿ ಗೊತ್ತಿಲ್ಲವಷ್ಟೆ! ಅದು ಬೀಳುವುದು ದೂರದ ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ. 2006ರಲ್ಲಿ ಒಳಹರಿವು ಏರಿ, ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯೂಸೆಕ್‌ವರೆಗೆ ನೀರು ಬಿಡಬೇಕಾಯಿತು. ನಗರದ ಬಹುಭಾಗ ಮುಳುಗಿತು.

ಮೊದಲೇ ಬಿಡಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು, ನಾವೂ ಹೇಳಿದೆವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಸುಲಭ. ಮೊದಲೇ ಬಿಟ್ಟು, ಮಳೆ ಅಲ್ಲಿಗೇ ನಿಂತಿದ್ದರೆ? ಬೇಸಿಗೆಯಲ್ಲಿ ಕಾಲುವೆ ಒಣಗಿ ಕಬ್ಬು ಬಾಡಿದ್ದರೆ, ಅದೇ ಬಾಯಿಗಳು ಬೇರೆ ಮಾತು ಆಡುತ್ತಿದ್ದವು. ನಮ್ಮ ಆಲಮಟ್ಟಿಯ ವಿಷಯದಲ್ಲೂ ಮಳೆಗಾಲದಲ್ಲಿ ಸಾಂಗಲಿ ಕಡೆಯವರಿಗೂ ನಮ್ಮವರಿಗೂ ಇಂಥದೇ ವಾದ. ಆದ್ದರಿಂದ ನಿರ್ಧಾರವನ್ನು ಅದರ ಫಲದಿಂದ ಅಳೆಯುವುದು ನ್ಯಾಯವಲ್ಲ. ಆ ಹೊತ್ತಿಗೆ ಏನು ತಿಳಿದಿತ್ತು, ಏನು ತಿಳಿಯಬಹುದಿತ್ತು ಎಂಬುದರಿಂದ ಅಳೆಯಬೇಕು.

ಇಲ್ಲಿಗೆ ಮಾತು ಮುಗಿದರೆ ಅಧಿಕಾರದಲ್ಲಿರುವವರೆಲ್ಲ ಹಾಯಾಗಿ ನಿದ್ರಿಸಬಹುದು. ಮುಗಿಯುವುದಿಲ್ಲ. ನಮ್ಮ ಚೀಲ ನಮ್ಮದು, ತೋಯ್ದರೆ ನಾವೇ ಉಪವಾಸ. ಆದರೆ ನೀರು ಬಿಡುವ ಮೇಜು ತೋಯುವುದಿಲ್ಲ; ತೋಯುವುದು ದಂಡೆಯ ಗುಡಿಸಲು. ಅಲ್ಲಿನವರನ್ನು ಆ ಪಣಕ್ಕೆ ಒಡ್ಡುವ ಮೊದಲು ಯಾರೂ ಕೇಳಿರುವುದಿಲ್ಲ. ಹಾಗಿದ್ದ ಮೇಲೆ ಅವರಿಗೆ ಸಲ್ಲಬೇಕಾದ ಋಣ ಎರಡು: ಸಂದೇಹ ಇರುವಾಗಲೇ, ಸುಳ್ಳಾದರೂ ಆಗಲಿ ಎಂದು, ಮುಂಚಿತವಾಗಿ ತಿಳಿಸುವುದು, ಮತ್ತು ಯಾಕೆ ಹೀಗೆ ನಿರ್ಧರಿಸಿದೆವು ಎಂಬುದನ್ನು ಫಲ ಕಾಣುವ ಮೊದಲೇ ಬರೆದಿಡುವುದು. ಕಡತದ ಮೇಲೆ ಟಿಪ್ಪಣಿ ಬರೆದು ಬದುಕುವ ನಮಗೆ ಗೊತ್ತು, ಫಲ ಬಂದ ಮೇಲೆ ಬರೆದ ಟಿಪ್ಪಣಿ ಎಷ್ಟು ಅಚ್ಚುಕಟ್ಟಾಗಿರುತ್ತದೆಂದು. ಸಂದೇಹ ಬಂದರೆ ನಾವು ಮಾಡುವುದು ಒಂದೇ, ಕಡತವನ್ನು ಮೇಲಕ್ಕೆ ಮಂಡಿಸುವುದು. ಕಾಗದ ಕಾಯುತ್ತದೆ, ನದಿ ಕಾಯುವುದಿಲ್ಲ.

ಮನೆಯವರ ಪ್ರಶ್ನೆಗೆ ಈಗ ಹೇಳಬಲ್ಲೆವು: ಮೊದಲ ವರ್ಷ ಹೊತ್ತದ್ದು ಸರಿ, ನೀರು ಬರದಿದ್ದರೂ ಸರಿ. ಎರಡನೆಯ ವರ್ಷ ಕುಳಿತದ್ದು ತಪ್ಪು, ನೀರು ಬರದಿದ್ದರೂ ತಪ್ಪು. ನಾವು ನದಿಯನ್ನು ನೋಡಿ ನಿರ್ಧರಿಸಿರಲಿಲ್ಲ, ನೆರೆಯವರ ನಗೆಯನ್ನು ನೋಡಿ ನಿರ್ಧರಿಸಿದ್ದೆವು.

ಈಗ ವರ್ಗವಾಗಿ ವಡೋದರಾದಲ್ಲಿದ್ದೇವೆ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ಊರಿನೊಳಗೆ ಬಂದಾಗ ಅಕ್ಕಿ ಚೀಲವನ್ನು ಮೇಲಿನ ಮನೆಗೆ ಸಾಗಿಸಿದೆವು. ನೀರು ನಮ್ಮ ಓಣಿಯ ತಿರುವಿನಲ್ಲೇ ನಿಂತಿತು. ಚೀಲ ಇಳಿಸುವಾಗ ಮಗ ನಕ್ಕನು. ಈ ಸಲ ಬೆನ್ನು ಹೆಚ್ಚು ನೋಯಿತು.