ಸೆಲ್ಲಿಗೆ ಗೊತ್ತು, ಕೋಡಿಗೆ ಗೊತ್ತಿಲ್ಲ

ಎಕ್ಸೆಲ್ ಹಾಳೆಯಲ್ಲಿ ಸಾಲಗಾರರ ಪಟ್ಟಿ, ವರ್ಡ್‌ನಲ್ಲಿ ನೋಟಿಸಿನ ಮಾದರಿ. ಹಾಳೆಯಲ್ಲಿರುವ ಬಟನ್ ಒತ್ತಿದರೆ ನೋಟಿಸು ತಾನೇ ತೆರೆದುಕೊಳ್ಳಬೇಕು. ಸಹಕಾರ ಸಂಘದ ಗುಮಾಸ್ತರೊಬ್ಬರು ಮಾರ್ಚ್ ತಿಂಗಳಲ್ಲಿ ಇದನ್ನು ಬಯಸಿದರೆ ಅತಿಯಾಸೆಯೇನಲ್ಲ. ಎಕ್ಸೆಲ್‌ಗೆ ವಿಬಿಎ ಎಂಬ ಮ್ಯಾಕ್ರೋ ಭಾಷೆ 1993ರಲ್ಲೇ ಬಂದಿದೆ. ವರ್ಡನ್ನು ಎಬ್ಬಿಸು, ಪರದೆಯ ಮೇಲೆ ತೋರಿಸು, ಇಂಥ ಫೋಲ್ಡರಿನ ಇಂಥ ಫೈಲು ತೆರೆ: ಇಷ್ಟು ಬರೆದರೆ ಮುಗಿಯಿತು. ‘ತೋರಿಸು’ ಎಂಬ ಸಾಲನ್ನು ಬಿಟ್ಟವರು ಮಾತ್ರ ಪೇಚಿಗೆ ಸಿಗುತ್ತಾರೆ. ಕೋಡ್ ಎಬ್ಬಿಸಿದ ವರ್ಡ್, ಹೇಳದ ಹೊರತು ಕಾಣಿಸಿಕೊಳ್ಳುವುದಿಲ್ಲ. ಏನೂ ಆಗಲಿಲ್ಲವೆಂದು ಮತ್ತೆ ಮತ್ತೆ ಬಟನ್ ಒತ್ತಿದವರ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಒಳಗೆ ವರ್ಡ್‌ಗಳ ಸಾಲೇ ನಿಂತಿರುತ್ತದೆ.

ಇದು ಲೋಕಕ್ಕೆಲ್ಲ ಇರುವ ತೊಂದರೆ. ನಮಗೆ ಇನ್ನೊಂದಿದೆ. ಫೈಲಿನ ಹೆಸರು ‘ಸುಸ್ತಿ ನೋಟಿಸು’ ಎಂದು ಕನ್ನಡದಲ್ಲಿದ್ದರೆ, ಅದನ್ನು ಕೋಡ್ ಬರೆಯುವ ಕಿಟಕಿಯಲ್ಲಿ ಅಂಟಿಸಿದ ಕೂಡಲೇ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆಯೇ ನಿಷಿದ್ಧ. ಇರಲು ಸಾಧ್ಯವೇ ಇಲ್ಲದ ಫೈಲನ್ನು ತೆರೆ ಎಂದರೆ ವರ್ಡ್ ತಾನೇ ಎಲ್ಲಿಂದ ತಂದೀತು?

ಎಕ್ಸೆಲ್‌ನ ಸೆಲ್ಲಿನಲ್ಲಿ ಕನ್ನಡ ಚೆನ್ನಾಗಿದೆ, ವರ್ಡ್‌ನಲ್ಲೂ ಚೆನ್ನಾಗಿದೆ. ನಿಜ ಹೇಳಬೇಕೆಂದರೆ ವಿಬಿಎ ಒಡಲಲ್ಲೂ ಕನ್ನಡ ಕೆಡುವುದಿಲ್ಲ. ಕೆಡಿಸುವುದು ಆ ಬರೆಯುವ ಕಿಟಕಿ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕಿಟಕಿ ಮಾತ್ರ ಇವತ್ತಿಗೂ ಹಳೆಯ ಕೋಡ್ ಪೇಜುಗಳ ಲೆಕ್ಕದಲ್ಲೇ ಓದುತ್ತದೆ. ರಷ್ಯನ್, ಗ್ರೀಕ್, ಜಪಾನಿ ಭಾಷೆಗಳಿಗೆ ಅಂಥ ಪೇಜುಗಳಿವೆ. ವಿಂಡೋಸ್ ಸೆಟ್ಟಿಂಗ್ ಬದಲಿಸಿಕೊಂಡರೆ ಅವರ ಕೆಲಸ ನಡೆಯುತ್ತದೆ. ಕನ್ನಡಕ್ಕಾಗಲಿ ತಮಿಳು, ಹಿಂದಿಗಾಗಲಿ ಆರಿಸಿಕೊಳ್ಳಲು ಅಲ್ಲಿ ಅಂಥದ್ದೊಂದಿಲ್ಲ. ಹಳೆಯ ನುಡಿ ಫಾಂಟಿನ ಕಾಲದಲ್ಲಿ ಈ ಕಾಟವೇ ಇರಲಿಲ್ಲ ಎನ್ನುವುದು ತಮಾಷೆ. ಆಗ ಒಳಗಿದ್ದದ್ದು ರೋಮನ್ ಚಿಹ್ನೆಗಳು, ಕನ್ನಡವೆಂಬುದು ಮೇಲೆ ಹೊದಿಸಿದ ವೇಷ. ಯಂತ್ರಕ್ಕೆ ಅನುಮಾನವೇ ಬರುತ್ತಿರಲಿಲ್ಲ. ನಿಜವಾದ ಕನ್ನಡ ಬಂದ ಮೇಲೆ ತಕರಾರು ಶುರುವಾಯಿತು.

ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಿಂದ ಬರೆಯುವ ದಾರಿಯೊಂದಿದೆ. ‘ಕ’ ಎಂದರೆ 3221. ‘ಸುಸ್ತಿ’ಗೆ ಸ್ವರಚಿಹ್ನೆ, ಒತ್ತಕ್ಷರ ಎಲ್ಲ ಬಿಡಿಸಿ ಆರು ಸಂಖ್ಯೆ ಬೇಕು. ಆರು ತಿಂಗಳ ಬಳಿಕ ಬರೆದವರಿಗೇ ಅದು ಓದಲು ಬಾರದು. ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಸುಲಭದ ಉಪಾಯ ಬೇರೆ. ಫೈಲಿನ ಪೂರ್ತಿ ವಿಳಾಸವನ್ನು ಹಾಳೆಯ ಒಂದು ಸೆಲ್ಲಿನಲ್ಲೇ ಕನ್ನಡದಲ್ಲಿ ಬರೆದಿಡಿ. ಆ ಸೆಲ್ಲಿನಲ್ಲಿರುವುದನ್ನು ಓದಿ ವರ್ಡ್‌ಗೆ ದಾಟಿಸು ಎಂದಷ್ಟೇ ಕೋಡಿಗೆ ಹೇಳಿ. ಕನ್ನಡ ಆ ಕಿಟಕಿಯ ಮುಖವನ್ನೇ ನೋಡದೆ ವರ್ಡ್ ಸೇರುತ್ತದೆ, ಫೈಲು ತೆರೆಯುತ್ತದೆ. ಫೈಲು ಇದೆಯೇ ಎಂದು ಮೊದಲೇ ನೋಡಿಕೊಳ್ಳಲು ವಿಬಿಎಯ ‘ಡಿರ್’ ಬಳಸಬೇಡಿ, ಅದೂ ಹಳೆಯ ಕಾಲದ್ದೇ, ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ ಆದೀತು. ಕನ್ನಡದ ಕಾರಣಕ್ಕೆ ಹಿಡಿದ ಈ ಬಳಸುದಾರಿಯನ್ನು ಇಂಗ್ಲಿಷ್ ಹೆಸರಿನ ಫೈಲಿಗೂ ಹಿಡಿಯುವುದೇ ಲೇಸು. ಮ್ಯಾಕ್ರೋ ಬರೆದ ಗುಮಾಸ್ತರಿಗೆ ವರ್ಗವಾಗಿ, ಹೊಸ ಕಂಪ್ಯೂಟರಿನಲ್ಲಿ ನೋಟಿಸು ಡಿ ಡ್ರೈವಿನಿಂದ ಇ ಡ್ರೈವಿಗೆ ಹೋದರೂ, ಕೋಡ್ ಎಂದರೆ ಹೆದರುವ ಹೊಸಬರು ಸೆಲ್ಲಿನ ಒಂದಕ್ಷರ ತಿದ್ದಿ ಬಟನ್ ಒತ್ತಬಹುದು.